ಸೀಸೆಗೆ ಸುತ್ತಿದ ತಂತಿ

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರೆ. ಮದ್ದೂರಿನ ಕಬೀರ, ಜಲಾಲ ಇಬ್ಬರನ್ನೂ ಭೂಮಿಗೆ ಇಳಿಸಿದ ಸೂಲಗಿತ್ತಿ ನಾನೇ. ಹೀಗಾಗುತ್ತಾರೆಂದು ಗೊತ್ತಿದ್ದರೆ ಒಬ್ಬನನ್ನಾದರೂ ಒಳಕ್ಕೇ ತಳ್ಳುತ್ತಿದ್ದೆ.

ಅವರಪ್ಪ ಫಕ್ರುದ್ದೀನ್ ಸಾಬರು ಬಸ್ಸು ರಿಪೇರಿಯವರು. ಯುದ್ಧ ಶುರುವಾಗಿ ಲಾಟೀನು ಗಾಜು ಸಿಗದಂತಾದಾಗ ಖಾಲಿ ಸೀಸೆಯ ತಳ, ಕುತ್ತಿಗೆ ಎರಡನ್ನೂ ಕೊಯ್ದು ಗಾಜು ಮಾಡಿಕೊಡುತ್ತಿದ್ದರು. ಸೀಸೆಗೆ ಎಳೆತಂತಿ ಸುತ್ತಿ ಬ್ಯಾಟರಿಯ ಕರೆಂಟು ಕೊಟ್ಟರೆ ತಂತಿ ಕೆಂಪಗೆ ಕಾಯುತ್ತದೆ. ತಣ್ಣೀರು ಹುಯ್ದರೆ ಸೀಸೆ ಆ ಗೆರೆಗೇ ಟಣ್ಣೆಂದು ಬಿಡುತ್ತದೆ. ಸಾಬರು ತೀರಿಕೊಂಡ ಮೇಲೆ ಮಕ್ಕಳು ಕಿತ್ತಾಡಿ ಪಾಲಾದರು. ಅಂಗಡಿಯ ನಡುವೆ ತಗಡು ಬಂತು. ಬ್ಯಾಟರಿ ಕಬೀರನಿಗೆ, ತಂತಿ ಜಲಾಲನಿಗೆ. ಎಂಥ ನ್ಯಾಯ ಹೇಳಿದರೋ ಪಂಚಾಯ್ತಿಯವರು, ಅವರ ಬಾಯಿಗೆ ಮಣ್ಣು ಬೀಳಾ! ಮಾತಂತೂ ವರ್ಷದಿಂದ ಇಲ್ಲ. ತಾಯಿ ಬಿಬಿ ಜಾನ್ ಹಿಂದಿನ ಕೋಣೆಯಲ್ಲಿ ಇಬ್ಬರಿಗೂ ಬೇರೆ ಬೇರೆ ಬಡಿಸುತ್ತಿದ್ದಳು.

ನನಗೆ ಗಾಜು ಬೇಕೇ ಬೇಕಿತ್ತು. ಆತಗೂರಿನಲ್ಲಿ ನನ್ನ ಮಗಳು ಯಶೋದೆಗೆ ದಿನ ತುಂಬಿತ್ತು. ಹೋದ ಸಲ ಹೆರಿಗೆಯ ನಡುವೆ ಗಾಳಿಗೆ ಗಾಜಿಲ್ಲದ ಬುಡ್ಡಿ ಆರಿಹೋಗಿ, ಕೂಸಿನ ಕೊರಳಿಗೆ ಸುತ್ತಿದ್ದ ಹೊಕ್ಕುಳಬಳ್ಳಿ ಕತ್ತಲಲ್ಲಿ ಕೈಗೆ ಸಿಗುವಷ್ಟರಲ್ಲಿ ಉಸಿರು ಹೋಗಿತ್ತು. ಇನ್ನೊಂದು ಸಲ ಅದನ್ನು ತಡೆದುಕೊಳ್ಳುವ ಗುಂಡಿಗೆ ನನಗಿರಲಿಲ್ಲ.

ಸೀಸೆ ಹಿಡಿದು ಅಂಗಡಿ ಮುಂದೆ ನಿಂತೆ. ಬೀದಿಯಿಂದ ನನಗೆ ಇಬ್ಬರೂ ಕಾಣುತ್ತಿದ್ದರು. ತಗಡಿನಿಂದಾಗಿ ಅವರಿಗೆ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ.

"ತಂತಿ ಸುತ್ತುತೀನಿ. ಕರೆಂಟು ಬೇಕಾದ್ರೆ ಆ ಕಡೆಯೋನ್ನ ಕೇಳಮ್ಮ," ಎಂದ ಜಲಾಲ.

"ಕೊಡ್ತೀನಿ. ಅವನ ಬಾಯಿ ಮಾತ್ರ ಈ ಕಡೆ ತಿರುಗಬಾರ್ದು," ಎಂದ ಕಬೀರ.

ತಗಡಿನಡಿ ವೈರು ದಾಟಿತು. ಕಬೀರ ಅದರ ತುದಿಯನ್ನು ಬ್ಯಾಟರಿಗೆ ಒತ್ತಿ ಹಿಡಿದ. ಜಲಾಲನ ಕಡೆ ಸೀಸೆಯ ಸುತ್ತ ತಂತಿ ಕೆಂಪಾಯಿತು.

"ಸಾಕು, ಬುಡು ಅನ್ನಮ್ಮ ಅವನಿಗೆ," ಜಲಾಲ ನನಗೆ ಹೇಳಿದ.

"ಸಾಕಂತೆ, ಬುಡ್ಲಾ," ನಾನು ಕಬೀರನಿಗೆ ಹೇಳಿದೆ. ಅಷ್ಟರಲ್ಲಿ ತಂತಿ ಬೆಳ್ಳಗಾಗಿ ಪಟ್ಟನೆ ಸುಟ್ಟುಹೋಯಿತು.

"ಬೇಕಂತ್ಲೇ ಸುಟ್ಟ ನೋಡಮ್ಮ!"

"ತಡ ಮಾಡಿ ಹೇಳಿ ನನ್ ಮ್ಯಾಲೆ ಹಾಕ್ತಾನೆ ನೋಡಮ್ಮ!"

ಉಳಿದಿದ್ದು ಸೀಸೆಗೆ ಒಂದು ಸುತ್ತು ಬರುವಷ್ಟು ತುಂಡು. ಮಾತು ನನ್ನ ಬಾಯಿ ಬಳಸಿಕೊಂಡು ಹೋಗುವಷ್ಟರಲ್ಲಿ ಅದೂ ಸುಡುತ್ತದೆ, ಯಶೋದೆಗೆ ಮತ್ತೆ ಕತ್ತಲೆಯೇ ಗತಿ. ನನ್ನ ಮೈಯೆಲ್ಲ ಉರಿಯಿತು.

"ಸುತ್ಲಾ," ಎಂದೆ.

ತಂತಿ ಕೆಂಪಾಯಿತು. "ಸಾಕು ಅನ್ನಮ್ಮ," ಎಂದ ಜಲಾಲ. ನಾನು ತುಟಿ ಬಿಚ್ಚಲಿಲ್ಲ. "ಅಮ್ಮಾ, ಸಾಕು ಅನ್ನು!" ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತೆ. ತಂತಿ ಹಳದಿಗೆ ತಿರುಗಿತು.

"ಬುಡೋ ಬದ್ಮಾಶ್!" ತಗಡು ಅದುರುವ ಹಾಗೆ ಕಿರುಚಿದ ಜಲಾಲ.

ಕಬೀರ ಕೈ ಎತ್ತಿಬಿಟ್ಟ. ನೀರು ಬಿತ್ತು, ಟಣ್ಣೆಂದು ಸೀಸೆಯ ತಳ ಕಳಚಿತು. ಇನ್ನೊಂದು ಕಿರುಚಾಟಕ್ಕೆ ಕುತ್ತಿಗೆಯೂ ಕಳಚಿ ಬಂತು.

"ನಾ ಕೂಗಿದ್ದು ತಂತಿ ಉಳೀಲಿ ಅಂತ ಕಣಮ್ಮ, ಅವನ ಕೂಡ ಮಾತಾಡಿದ್ದಲ್ಲ," ಎಂದ ಜಲಾಲ.

"ನಾ ಬುಟ್ಟಿದ್ದೂ ಬ್ಯಾಟ್ರಿ ಉಳೀಲಿ ಅಂತ. ಅವನ ಮಾತಿಗಲ್ಲ," ಎಂದ ಕಬೀರ.

"ನನ್ ಹತ್ರ ಯಾಕ್ರಲಾ ಹೇಳ್ತೀರಿ? ಮುಖ ನೋಡ್ಕಂಡು ಬಯ್ಕೊಳ್ರಿ!"

ಇಬ್ಬರೂ ತಗಡು ಸುತ್ತಿ ಬೀದಿಗೆ ಬಂದರು. ವರ್ಷದ ಬೈಗುಳವೆಲ್ಲ ಒಟ್ಟಿಗೇ ಹೊರಬಿತ್ತು. ಕೊರಳಪಟ್ಟಿಗೆ ಕೈ ಹೋಯಿತು. ಸದ್ದು ಕೇಳಿ ಬಿಬಿ ಜಾನ್ ಓಡಿಬಂದಳು.

"ಬುಡ್ಸು ಕಣಮ್ಮ, ಒಡೆದಾಡ್ತವ್ರೆ," ಎಂದೆ.

ಅವಳು ಕಣ್ಣೊರೆಸಿಕೊಂಡು ಹೊಸ್ತಿಲ ಮೇಲೆ ಕೂತೇಬಿಟ್ಟಳು. "ತಡೀಬೇಡ ಹೊಂಬಾಳಮ್ಮ. ಇಬ್ರ ದನೀನೂ ಒಟ್ಟಿಗೆ ಕೇಳಿ ವರ್ಷಾಯ್ತು. ಬಯ್ಲಿ ಬುಡು, ಕೇಳ್ಕತೀನಿ."

ಅದೇ ವಾರ, ಯಶೋದೆಗೆ ನೋವು ಬಂದ ಸಂಜೆ, ಬಿರುಗಾಳಿ ಎದ್ದಿತು. ಲಾಟೀನು ಆರಲಿಲ್ಲ. ಯಶೋದೆಯ ಕೂಸು ಸೂರು ಹಾರಿಹೋಗುವ ಹಾಗೆ ಅರಚಿಕೊಂಡಿತು. ಅವಳು ಸಮಾಧಾನ ಮಾಡಲು ಕೈಚಾಚಿದಳು.

"ತಡೀಬೇಡ ಕಣವ್ವ," ಎಂದೆ. "ಅಳ್ಲಿ ಬುಡು, ಕೇಳ್ಕತೀನಿ."