ಬಿಂದಮ್ಮನ ಕರಿಮಣಿ

ದಿಸ್ ಈಸ್ ಎ ಡೋರ್, ಅಂತ ಮಕ್ಕಳು ಬೇವಿನ ಮರದ ಕೆಳಗೆ ಒಂದೇ ಉಸಿರಿಗೆ ಕೂಗುತ್ತಿವೆ, ಡೋರ್ ಅನ್ನುವಾಗ ಎಲ್ಲ ಕೈಗಳೂ ಒಟ್ಟಿಗೆ ಆ ಕಡೆ ಚಾಚುತ್ತವೆ, ನೆಲದ ಮೇಲೆ ಅಂಗಾತ ಬಿದ್ದಿರುವ ನನ್ನ ಬಾಗಿಲಿನ ಕಡೆ — ಬಾಗಿಲಲ್ಲ, ಬರೀ ಚೌಕಟ್ಟು, ಮತ್ತಿಮರದ್ದು, ಬಡಗಿ ಪಾಪಣ್ಣ ನಿನ್ನೆ ಸಂಜೆ ಬಾಚಿಯಿಂದ ಕೊನೆಯ ಗಂಟು ಕೆತ್ತಿ ತೆಗೆದು, ತಗಾ ಶಂಕ್ರವ್ವಾ, ಇದರಾಗೆ ಆನೆ ಹಾದು ಹೋಗಬೋದು, ಅಂದ, ಆನೆ ಯಾಕೆ, ನಾನೊಬ್ಬಳು ಹಾದರೆ ಸಾಕು, ನನ್ನದು ಅನ್ನುವ ಒಂದು ಹೊಸ್ತಿಲನ್ನು ಬಲಗಾಲಿಟ್ಟು ದಾಟಿದರೆ ಸಾಕು, ಅಣ್ಣನ ಮನೆಯ ಹಿತ್ತಲ ಬಾಗಿಲು ನನಗೆ ಸಾಕಾಗಿದೆ. ಮತ್ತೆ ಹೇಳ್ರಿ, ಜೋರಾಗಿ, ದಿಸ್ ಈಸ್ ಎ ಡೋರ್, ದಿಸ್ ಈಸ್ ಎ ವಾಲ್ — ಗೋಡೆ ಇಲ್ಲ ಟೀಚರ್, ಅಂತ ಮುಂದೆ ಕೂತ ಹುಡುಗಿ, ಸರಿಯೇ, ನಮ್ಮ ಕಡೆ ಮೊದಲು ಬಾಗಿಲು ನಿಲ್ಲಬೇಕು, ಆಮೇಲೆ ಅದರ ಎರಡೂ ಪಕ್ಕ ಗೋಡೆ ಏಳಬೇಕು, ಬಾಗಿಲು ನಿಲ್ಲದೆ ಮನೆ ಇಲ್ಲ, ಮತ್ತು ಇವತ್ತು ನಿಲ್ಲದಿದ್ದರೆ ನನ್ನ ಬಾಗಿಲು ಇನ್ನು ನಿಲ್ಲುವುದಿಲ್ಲ, ಯಾಕೆಂದರೆ ಮಧ್ಯಾಹ್ನ ಜೀಪು ಬರುತ್ತದೆ, ನಮಗೆ ಮನೆ ಕಟ್ಟಿಸಲು ಬಂದ ಬ್ರೆಂಡಾ ಹೋಗುತ್ತಾಳೆ, ಅವಳ ಹಿಂದೆ, ಬಾಗಿಲು ನಿಂತ ಮನೆಗಳಿಗೆ ಹಂಚಿ ಉಳಿದ ಸರ್ಕಾರಿ ಪರ್ಮಿಟ್ಟಿನ ಸಿಮೆಂಟೂ ಹೋಗುತ್ತದೆ, ಆಳುಗಳೂ ಹೋಗುತ್ತಾರೆ, ಆಮೇಲೆ ಈ ಜಾಗದಲ್ಲಿ ಅಣ್ಣ ನಾಗೇಂದ್ರಪ್ಪ ಎಮ್ಮೆ ಕಟ್ಟುತ್ತಾನೆ, ಗೂಟ ಕೂಡ ಕಡಿದಿಟ್ಟುಕೊಂಡಿದ್ದಾನೆ, ನೋಡಿದ್ದೇನೆ. ಬ್ರೆಂಡಾ ಈಗ ಕೇರಿಯ ಹಿರಿಯಳು ಉಚ್ಚಂಗಮ್ಮನ ತಗಡಿನ ಗುಡಾರದೊಳಗಿದ್ದಾಳೆ, ಅವಳಿಗೆ ಸೀರೆ ಉಡಿಸುತ್ತಿದ್ದಾರೆ, ಹೆಂಗಸರ ನಗು ಇಲ್ಲಿಗೆ ಕೇಳುತ್ತಿದೆ, ನೆರಿಗೆ ಜಾರಿರಬೇಕು, ಪ್ರತಿ ಬಾಗಿಲು ನಿಲ್ಲಿಸುವ ದಿನವೂ ಅವಳ ನೆರಿಗೆ ಜಾರಿದೆ, ಪ್ರತಿ ಬಾಗಿಲಿಗೂ ಅವರು ನಕ್ಕಿದ್ದಾರೆ, ಅಕ್ಕರೆಯಿಂದ, ಹೊಸ ಸೊಸೆಯನ್ನು ನೋಡಿ ನಕ್ಕ ಹಾಗೆ, ನನ್ನ ನೆರಿಗೆ ಎಂದಾದರೂ ಜಾರಿದ್ದರೆ ಏನನ್ನುತ್ತಿದ್ದರೋ.

ಹೋದ ಮಳೆಗಾಲ ಹೊಳೆ ಕೇರಿಯೊಳಗೆ ಬಂದಾಗ ದಿಬ್ಬದ ಮೇಲಿನ ಅಣ್ಣನ ಮನೆ ಬಿಟ್ಟು ಎಲ್ಲರ ಗುಡಿಸಲೂ ಒಂದೇ ರಾತ್ರಿ ಹೊನ್ನಾಳಿ ಸೇತುವೆಯ ಕಡೆ ತೇಲಿಹೋದವು, ನನ್ನ ಅವ್ವನದೂ, ಅವ್ವ ಮಾತ್ರ ಉಳಿದು ಶಾಲೆಯ ಜಗಲಿಯ ಮೇಲೆ ಎರಡು ತಿಂಗಳು ಕೆಮ್ಮಿ ಸತ್ತಳು, ಕೆಮ್ಮಿನ ನಡುವೆಯೂ, ಆ ಜಾಗ ನಿಂದು ಕಣೇ, ನಿಮ್ಮಣ್ಣಂಗೆ ಬಿಡಬ್ಯಾಡ, ಅನ್ನುತ್ತಿದ್ದಳು, ಅವಳು ಸತ್ತ ಮೇಲೆ ಬ್ರೆಂಡಾ ಬಂದಳು, ಇಂಗ್ಲೆಂಡಿನವಳು, ಇಪ್ಪತ್ಮೂರು ವರ್ಷ, ಬೆನ್ನ ಮೇಲೆ ತನಗಿಂತ ಎತ್ತರದ ಚೀಲ. ಕೇರಿಯ ನಾಲಿಗೆಗೆ ಆ ಹೆಸರು ಹೊರಳಲಿಲ್ಲ, ಬಿಂದಮ್ಮ ಅಂದರು. ಇಂಗ್ಲಿಷು ಬರುವ ಹೆಂಗಸು ಯಾರಿದ್ದಾರೆ ಅಂದಾಗ ನನ್ನನ್ನು ತೋರಿಸಿದರು, ನ್ಯಾಮತಿ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು, ಅದೊಂದು ದಿನ ನನ್ನ ಓದು ಎಲ್ಲರಿಗೂ ನೆನಪಾಯಿತು. ವಾಲಂಟಿಯರ್ ಅಂದರೆ ಏನವ್ವಾ, ಅಂತ ಉಚ್ಚಂಗಮ್ಮ ಕೇಳಿದಾಗ, ಕೂಲಿ ಇಲ್ಲದೆ ಊರಿನ ಕೆಲಸ ಮಾಡೋರು, ಅಂದೆ, ಮುದುಕಿ ಎಲೆಯಡಿಕೆ ಉಗುಳಿ ಬಂದು, ಹಂಗಾರೆ ನಾವೆಲ್ಲಾ ಹುಟ್ಟಿದಾಗ್ಲಿಂದ ಅದೇ ಅಲ್ಲೇನೇ, ನಮ್ಮನ್ಯಾಕೆ ಯಾರೂ ಇಮಾನ ಹತ್ತಿಸಲಿಲ್ಲ, ಅಂದಳು, ಎಲ್ಲರೂ ನಕ್ಕರು, ಬ್ರೆಂಡಾನೂ ನಕ್ಕಳು, ಏನಂದರು ಏನಂದರು ಅಂತ ನನ್ನ ತೋಳು ಜಗ್ಗಿದಳು, ನಿನ್ನನ್ನು ನೋಡಿ ಸಂತೋಷವಾಗಿದೆಯಂತೆ, ಅಂದೆ. ಬೆಳಗಾದರೆ ಅವಳ ಕುಡಿಯುವ ನೀರು ಕಾಯಿಸುವುದು ನಾನು, ಎರಡು ಸಲ ಕುದಿಸಿ ಬಟ್ಟೆಯಲ್ಲಿ ಸೋಸಬೇಕು, ಆಮೇಲೆ ಮಣ್ಣು ತುಳಿಯುವುದು, ಅವಳೂ ತುಳಿಯುತ್ತಾಳೆ, ಅದನ್ನು ಇಲ್ಲ ಅನ್ನುವುದಿಲ್ಲ, ಪ್ಯಾಂಟು ಮಂಡಿಗೆ ಮಡಿಚಿ ಬಿಳೀ ಕಾಲು ಕೆಂಪಾಗುವವರೆಗೆ ತುಳಿಯುತ್ತಾಳೆ, ಅಂಗೈ ಬೊಬ್ಬೆ ಬಂದದ್ದನ್ನು ಎಲ್ಲರಿಗೂ ತೋರಿಸುತ್ತಾಳೆ, ಹೆಂಗಸರು ಅಯ್ಯೋ ಅಂತ ಅದಕ್ಕೆ ಕೊಬ್ಬರಿ ಎಣ್ಣೆ ಸವರುತ್ತಾರೆ, ಪಾಯಕ್ಕೆ ಗಾರೆ ಕಲಸಿ ಕಲಸಿ ನನ್ನ ಬೆರಳ ಸಂದಿ ಒಡೆದಿದೆ, ಸಿಮೆಂಟು ಹಾಗೆಯೇ ಕಚ್ಚುತ್ತದೆ ಅಂತ ನನಗೆ ಹೇಳಿದರು. ಮಧ್ಯಾಹ್ನ ಇಂಗ್ಲಿಷು ಪಾಠ, ಇವತ್ತೊಂದು ದಿನ ಬೆಳಿಗ್ಗೆ, ಅವಳು ಹೇಳಿದ್ದು ಮಕ್ಕಳಿಗೆ ತಿಳಿಯುವುದಿಲ್ಲ, ಮಾತು ಬಾಯಲ್ಲೇ ಕರಗಿಹೋಗುತ್ತದೆ, ನಾನು ಮತ್ತೊಮ್ಮೆ ಹೇಳುತ್ತೇನೆ, ಮಕ್ಕಳು ನನ್ನ ಹಾಗೆ ಹೇಳುತ್ತವೆ, ಅವಳು ಚಪ್ಪಾಳೆ ತಟ್ಟಿ ಫೋಟೋ ಹಿಡಿಯುತ್ತಾಳೆ — ಫೋಟೋದೊಳಗೆ ನಾನು ಎಲ್ಲಿರುತ್ತೇನೆ, ಅಂಚಿನಲ್ಲಿ, ಅರ್ಧ ತೋಳು, ಅರ್ಧ ಸೆರಗು.

ಆ ಕರಿಮಣಿ ಅವಳು ಹೊನ್ನಾಳಿ ಸಂತೆಯಲ್ಲಿ ಕೊಂಡದ್ದು, ನಾನು ಸೊಪ್ಪು ಆರಿಸುತ್ತಿದ್ದೆ, ತಿರುಗಿ ನೋಡಿದರೆ ಬಳೆಗಾರ ಅವಳ ಮುಂದೆ ಸರಗಳನ್ನು ತೂಗುಹಾಕಿ ಹಿಡಿದಿದ್ದಾನೆ, ಕೆಂಪು ನೋಡಿದಳು, ಹಸಿರು ನೋಡಿದಳು, ಎಷ್ಟು ಚಂದ ಅಂತ ಕರಿಯದನ್ನು ತಲೆಯ ಮೇಲಿಂದ ಇಳಿಬಿಟ್ಟುಕೊಂಡಳು, ಬಳೆಗಾರ ನನ್ನ ಮುಖ ನೋಡಿದ, ನಾನು ಏನು ಹೇಳಲಿ, ಮದುವೆಯಾಗದ ಹುಡುಗಿ ಬಿಸಿಲಲ್ಲಿ ನಿಂತು ಕರಿಮಣಿ ಹಾಕಿಕೊಂಡು ಕನ್ನಡಿಗೆ ಹಲ್ಲು ಕಿರಿಯುತ್ತಿದ್ದಾಳೆ. ಕೇರಿಗೆ ಬಂದಾಗ ಉಚ್ಚಂಗಮ್ಮನ ಕಣ್ಣು ಮೊದಲು ಬಿದ್ದದ್ದು ಅವಳ ಕೊರಳಿಗೆ, ಹೌದೇನೇ, ಮದುವ್ಯಾಗೈತೇನೇ ಇದಕ್ಕೆ, ನೀನು ಹೇಳಲೇ ಇಲ್ಲ, ಅಂದಳು, ಇಲ್ಲತ್ತೆ, ಬರೀ ಚಂದಕ್ಕೆ ಹಾಕ್ಯಂಡಾಳೆ, ಅವಳಿಗೆ ಗೊತ್ತಿಲ್ಲ, ಅಂದೆ, ಸ್ಪಷ್ಟವಾಗಿಯೇ ಅಂದೆ, ಎಲ್ಲರ ಎದುರಿಗೇ ಅಂದೆ. ಸುಮ್ಕಿರೇ, ಯಾರಾರ ಚಂದಕ್ಕೆ ಕರಿಮಣಿ ಹಾಕ್ಯಂತಾರೇನು, ಅವರ ದೇಶದಾಗೆ ಗಂಡನ್ನ ಬಿಟ್ಟು ಕೆಲಸಕ್ಕೆ ಬರ್ತಾರಂತೆ, ರೇಡಿಯಾದಾಗೆ ಹೇಳಿದ್ರು. ರೇಡಿಯೋದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ, ಆದರೆ ಮರುದಿನವೇ ಮೊದಲ ಮನೆಯ ಬಾಗಿಲು ನಿಲ್ಲಿಸುವುದಿತ್ತು, ಹೊಸ್ತಿಲಿಗೆ ಅರಿಶಿನ ಬಳಿಯಲು, ಕುಂಕುಮ ಇಡಲು, ಕೆಳಗೆ ನವಧಾನ್ಯದ ಗಂಟು ಇಳಿಬಿಡಲು ಮುತ್ತೈದೆಯ ಕೈ ಬೇಕಿತ್ತು, ನಾ ಹಚ್ತೀನಿ, ನೀ ಬ್ಯಾಡ ಅಂತ ಹೆಂಗಸರಲ್ಲೇ ಜಗಳ ಹತ್ತಿತ್ತು, ಉಚ್ಚಂಗಮ್ಮ ಒಂದೇ ಮಾತಿನಲ್ಲಿ ತೀರಿಸಿದಳು, ಬಿಂದಮ್ಮನ ಕೈ ಮುಟ್ಟಿಸ್ರಿ, ಆಕಿ ಕಾಲಿಟ್ಟ ಮ್ಯಾಲೆ ಸಿಮಿಟಿ ಬಂತು, ಆಕಿ ಕೈಗುಣ ಛಲೋ ಐತೆ. ಮುಟ್ಟಿಸಿದರು. ಅರಿಶಿನ ಹೇಗೆ ಕಲಸಬೇಕು, ಯಾವ ಬೆರಳಲ್ಲಿ ಬೊಟ್ಟು ಇಡಬೇಕು, ಎಷ್ಟು ಇಡಬೇಕು, ಎಲ್ಲ ಹೇಳಿಕೊಟ್ಟದ್ದು ನಾನು, ತಟ್ಟೆ ಹಿಡಿದು ಒಂದು ಮಾರು ದೂರ ನಿಂತು, ಇನ್ನೊಂದು ಚೂರು ಎಡಕ್ಕೆ, ಹಾಂ, ಈಗ ಮಾವಿನೆಲೆ, ಅಂತ, ಅವಳ ಬಿಳೀ ಬೆರಳು ಹಳದಿಯಾಗಿ ಮರದ ಮೇಲೆ ಹರಿದಾಡಿದವು, ಗಂಡಸರು ನಾಲ್ಕು ಮೂಲೆ ಹಿಡಿದು ಎತ್ತಿ ನಿಲ್ಲಿಸಿದರು, ಕಾಯಿ ಒಡೆಯಿತು, ಮತ್ತೊಂದು ವಾರಕ್ಕೆ ಎರಡನೆಯ ಬಾಗಿಲು, ಆಮೇಲೆ ಮೂರನೆಯದು, ಬಯಲಿನಲ್ಲಿ ಗೋಡೆಗಳಿಲ್ಲದ ಬಾಗಿಲುಗಳು ಸಾಲಾಗಿ ನಿಂತವು, ಎಲ್ಲದರ ಮೇಲೂ ಅವಳ ಬೆರಳ ಗುರುತು, ಪ್ರತಿ ಸಲವೂ ತಟ್ಟೆ ನನ್ನದು.

ನನ್ನ ಕೊರಳಲ್ಲೂ ತಾಳಿ ಇದೆ, ಸಂತೆಯಲ್ಲಿ ಅಡ್ಡಾಡಿ ಕೊಂಡದ್ದಲ್ಲ, ಜಗಳೂರಿನಲ್ಲಿ ಹಂದರದ ಕೆಳಗೆ ಎಲ್ಲರೂ ಅಕ್ಕಿ ಎರಚುತ್ತಿರುವಾಗ ತಿಪ್ಪೇಶಪ್ಪ ಮೂರು ಗಂಟು ಹಾಕಿದ್ದು, ಮೂರನೆಯದನ್ನು ಎರಡು ಸಲ ಎಳೆದು ಬಿಗಿದ, ಆಗ ಅದನ್ನು ಪ್ರೀತಿ ಅಂದುಕೊಂಡಿದ್ದೆ, ಎಮರ್ಜೆನ್ಸಿ ಮುಗಿದ ವರ್ಷ ಲಾರಿ ಹತ್ತಿ ಹೋದವನು ಚನ್ನಗಿರಿಯಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿದ, ಈಗ ಅವರಿಗೊಂದು ಮಗು, ಉಬ್ರಾಣಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ ಕಂಡಿದ್ದ, ಮಗುವನ್ನು ತೊಡೆಯ ಮೇಲೆ ನಿಲ್ಲಿಸಿ ಕಿಟಕಿಯಿಂದ ಆಚೆ ಏನೋ ತೋರಿಸುತ್ತಿದ್ದ, ನನ್ನನ್ನು ನೋಡಿ ಕೆಮ್ಮಿದ, ಅಷ್ಟೇ, ಗಂಡ ಬದುಕಿದ್ದಾನೆ, ಕೆಮ್ಮುತ್ತಾನೆ, ಹಾಗಾದರೆ ನಾನು ಯಾರು. ಮುತ್ತೈದೆಯೆಂದು ಯಾರೂ ಕರೆಯುವುದಿಲ್ಲ, ಕುಂಕುಮ ಅಳಿಸು ಅಂತಲೂ ಅನ್ನುವುದಿಲ್ಲ, ಉಡಿ ತುಂಬುವಾಗ ನನ್ನ ಪಕ್ಕದವಳವರೆಗೆ ಬಂದು ತಟ್ಟೆ ಮುಗಿದುಹೋಗುತ್ತದೆ. ಇನ್ನೊಬ್ಬನ್ನ ಕೂಡಿಕೆ ಮಾಡ್ಕ್ಯಂಬಿಡೇ, ನಿನ್ನ ಬಾಗ್ಲು ತಾನೇ ನಿಲ್ತೈತೆ, ಅಂತ ಉಚ್ಚಂಗಮ್ಮ, ಯಾರನ್ನತ್ತೆ, ಅಂದೆ, ಪಾಪಣ್ಣನ್ನ ಮಾಡ್ಕ್ಯ, ಹೆಂಗೂ ಬಾಗ್ಲು ಕೆತ್ತೋನು, ಮುದುಕಿಗೆ ಎಲ್ಲವೂ ನಗೆ. ಅವ್ವನ ಜಾಗದಲ್ಲಿ ನನಗೊಂದು ಮನೆ ಅಂತ ಬ್ರೆಂಡಾ ಹಿಡಿದ ಹಟದಿಂದಲೇ ಆಯಿತು, ಅದೂ ನಿಜ, ಅವಳಿಲ್ಲದಿದ್ದರೆ ಅಣ್ಣ ಬಿಡುತ್ತಿರಲಿಲ್ಲ, ಹೆಣ್ಣೆಂಗಸು ಒಬ್ಬಳೇ ಹೆಂಗಿರ್ತಾಳೆ, ಅಂದ, ಊರಿನ ಯಜಮಾನರ ಹತ್ತಿರವೂ ಅಂದ, ಬ್ರೆಂಡಾ ಸಿಮೆಂಟು ಚೀಲಗಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು, ಶಂಕ್ರಮ್ಮನಿಗೆ ಮನೆ ಇಲ್ಲವೆಂದರೆ ಯಾರಿಗೂ ಇಲ್ಲ. ಕೃತಜ್ಞಳಾಗಿರಬೇಕು, ಇದ್ದೇನೆ, ಅವಳ ನೀರನ್ನು ಈಗಲೂ ಎರಡು ಸಲ ಕುದಿಸುತ್ತೇನೆ. ಹೋದ ವಾರ ಅವಳ ತಲೆಗೆ ಎಣ್ಣೆ ಹಚ್ಚುತ್ತ ಎಲ್ಲ ಹೇಳಿದೆ, ಆ ಮಣಿ ಯಾರು ಹಾಕಿಕೊಳ್ಳುತ್ತಾರೆ, ಅದಿದೆಯೆಂದೇ ನಿನ್ನ ಕೈಯನ್ನು ಹೊಸ್ತಿಲಿಗೆ ಮುಟ್ಟಿಸುತ್ತಾರೆ, ನನ್ನ ಕೈಯನ್ನು ಯಾಕೆ ಮುಟ್ಟಿಸುವುದಿಲ್ಲ, ನನಗೆ ತಿಳಿದ ಇಂಗ್ಲಿಷಿನಲ್ಲಿ ತಡವರಿಸಿ ಹೇಳಿದೆ, ನನ್ನ ಬಾಗಿಲಿಗಾದರೂ ನಾನೇ ಅರಿಶಿನ ಹಚ್ಚಬೇಕು ಅಂದೆ, ಅವಳು ತಿರುಗಿ ಎರಡೂ ಕೈ ಹಿಡಿದುಕೊಂಡಳು, ಕಣ್ಣಲ್ಲಿ ನೀರು ಬಂದಿತ್ತು, ಎಷ್ಟು ಅನ್ಯಾಯ ಅಂದಳು, ಎಷ್ಟು ಮೂರ್ಖತನ ಅಂದಳು. ಹಾಗಾದರೆ ತೆಗೆದುಬಿಡು, ಅಂದೆ. ಮಣಿಗಳನ್ನು ಬೆರಳಲ್ಲಿ ಹೊರಳಿಸುತ್ತ, ಈಗಲೇ ಬೇಡ ಶಂಕ್ರಾ, ಇದರಿಂದ ಎಲ್ಲ ಸುಲಭವಾಗುತ್ತದೆ, ಎಲ್ಲರೂ ನನ್ನ ಮಾತು ಕೇಳುತ್ತಾರೆ, ಕೆಲಸ ಮುಗಿಯಲಿ, ಅಂದಳು. ಕೆಲಸ. ನನ್ನ ಬಾಗಿಲೂ ಅವಳ ಕೆಲಸ, ಕೊನೆಯದು, ಇದೊಂದು ನಿಂತರೆ ಜೀಪು ಹತ್ತಿ ಜಗಳೂರಿಗೆ ಹೋಗುತ್ತಾಳೆ, ಅಲ್ಲಿ ಬಾವಿ ತೋಡುತ್ತಾರಂತೆ, ನಾನು ಬಿಟ್ಟು ಬಂದ ಊರು, ಅಲ್ಲಿಯ ಹೆಂಗಸರೂ ಅವಳ ಕೊರಳು ನೋಡುತ್ತಾರೆ, ಅಲ್ಲಿಯೂ ಯಾರೋ ಒಬ್ಬಳು ತಟ್ಟೆ ಹಿಡಿಯುತ್ತಾಳೆ.

ಶಂಕ್ರವ್ವಾ, ಸಾಲಿ ಬಿಡು ಬಾರೇ, ಹೊತ್ತಾತು, ಅಂತ ಉಚ್ಚಂಗಮ್ಮನ ಕೂಗು — ಮಕ್ಕಳು ಡೋರ್ ಡೋರ್ ಅಂತ ಓಡುತ್ತವೆ, ಅವರ ಹಿಂದೆ ನನ್ನ ಕಾಲುಗಳೂ ಹೋಗುತ್ತವೆ, ತಟ್ಟೆ ಆಗಲೇ ಸಿದ್ಧವಿದೆ, ಯಾರೋ ಕೈಗಿಟ್ಟರು, ಇಷ್ಟು ದಿನ ಹಿಡಿದು ಕೈ ತಾನಾಗಿಯೇ ಹಿಡಿಯುತ್ತದೆ. ಬ್ರೆಂಡಾ ಬಂದಳು, ಕೆಂಪು ಸೀರೆ, ಕರಿಮಣಿ ಕುಪ್ಪಸದೊಳಗೆ ಹೋಗಿದ್ದನ್ನು ಉಚ್ಚಂಗಮ್ಮ ಬೆರಳಿಂದ ಎಳೆದು ಹೊರಗೆ ಕಾಣುವಂತೆ ಇಳಿಬಿಟ್ಟಳು, ನಾಲ್ವರು ಗಂಡಸರು ಚೌಕಟ್ಟಿನ ಮೂಲೆ ಹಿಡಿದು ಮೊಣಕಾಲೆತ್ತರಕ್ಕೆ ಎತ್ತಿದ್ದಾರೆ, ಅಣ್ಣ ಆಚೆ ಬೇಲಿಗೆ ಒರಗಿ ಬೀಡಿ ಹಚ್ಚುತ್ತಿದ್ದಾನೆ, ಅವಳ ಬೆರಳು ತಟ್ಟೆಯೊಳಗೆ ಇಳಿದವು, ಅರಿಶಿನ ಅಂಗೈತುಂಬ, ನನ್ನನ್ನು ನೋಡಿ ನಕ್ಕಳು, ನಿನಗಾಗಿ, ಅನ್ನುವಂತೆ ನಕ್ಕಳು — ಈ ಹೊಸ್ತಿಲನ್ನು ದಿನಾ ದಾಟಬೇಕು, ದಿನಾ ನೀರು ಹಾಕಿ ತೊಳೆಯಬೇಕು, ದಿನಾ ಇದರಡಿಯಲ್ಲಿ ಅವಳ ಕೈ ಇರುತ್ತದೆ, ನನ್ನದಿರುವುದಿಲ್ಲ — ಬ್ರೆಂಡಾ, ಕೆಲಸ ಮುಗಿಯಿತಲ್ಲ, ಈಗ ತೆಗೆ, ಅಂದೆ ಇಂಗ್ಲಿಷಿನಲ್ಲಿ, ಮೆಲ್ಲಗೆ, ಪಾಠ ಹೇಳುವ ದನಿಯಲ್ಲಿ, ಇದಕ್ಕೆ ನಾನೇ ಹಚ್ಚುತ್ತೇನೆ, ನನ್ನ ಕೈಯಿಂದಲೇ. ಯಾರಿಗೂ ತಿಳಿಯಲಿಲ್ಲ. ಅವಳಿಗೆ ತಿಳಿಯಿತು, ಅವಳಿಗೆ ಎಲ್ಲವೂ ತಿಳಿಯುವ ಹಾಗೆಯೇ, ಬೇಗನೆ, ಅರ್ಧ. ಹೌದು ಹೌದು ಅಂತ ತಲೆಯಾಡಿಸಿ, ಅರಿಶಿನದ ಕೈಯಿಂದಲೇ ಸರವನ್ನು ಹಿಡಿದು ತಲೆಯ ಮೇಲಿಂದ ಎಳೆದಳು, ಕೂದಲಿಗೆ ಸಿಕ್ಕಿತು, ನಗುತ್ತ ಬಿಡಿಸಿಕೊಂಡಳು, ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು, ಉಚ್ಚಂಗಮ್ಮ ತನ್ನ ತಾಳಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು, ಬದುಕಿರುವ ಗಂಡನ ಕರಿಮಣಿಯನ್ನು ತಾನಾಗಿ ಕಿತ್ತು ತೆಗೆದ ಹೆಣ್ಣನ್ನು ಈ ಕೇರಿ ನೋಡಿಲ್ಲ, ಗಂಡನ ಹೆಣದ ಮುಂದೆ ಕೂಡ ಬೇರೆಯವರೇ ತೆಗೆಯಬೇಕು, ಒಬ್ಬೊಬ್ಬರ ಕಣ್ಣೂ ತಿರುಗಿ ಅದೇ ಕೈ ಅರಿಶಿನ ಹಚ್ಚಿದ, ಸಾಲಿನಲ್ಲಿ ನಿಂತ ತಮ್ಮ ತಮ್ಮ ಬಾಗಿಲಿನ ಕಡೆ ಹೋಯಿತು. ಏನಂದ್ಯೇ ಆಕಿಗೆ, ಅಂದಳು ಉಚ್ಚಂಗಮ್ಮ ನನ್ನ ಕಡೆ ತಿರುಗಿ, ಏನಂದೆ ನೀನು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಬಗ್ಗಿದರು, ಪಾಪಣ್ಣ ಕೊನೆಯಲ್ಲಿ ಬಗ್ಗಿದ, ಚೌಕಟ್ಟು ಮತ್ತೆ ನೆಲಕ್ಕೆ ಕೂತಿತು, ಅವರು ಕೈ ಒರೆಸಿಕೊಳ್ಳುತ್ತಿದ್ದಾರೆ, ಬೇಲಿಯ ಹತ್ತಿರ ಅಣ್ಣ ಬೀಡಿ ಎಸೆದು ನೆಟ್ಟಗಾಗುತ್ತಿದ್ದಾನೆ, ಬ್ರೆಂಡಾ ಒಬ್ಬಳಿಗೇ ಏನೂ ಆಗಿಲ್ಲ, ಅವಳು ನನ್ನೆಡೆಗೆ ಅಂಗೈ ಚಾಚಿ ನಿಂತಿದ್ದಾಳೆ, ತಗೋ ಶಂಕ್ರಾ, ನೀನು ಹಾಕಿಕೋ, ಹಾಕಿಕೊಂಡರೆ ನೀನೇ ಮಾಡಬಹುದಲ್ಲ, ಅನ್ನುತ್ತಿದ್ದಾಳೆ, ನನ್ನ ಕೊರಳ ಮೇಲೆ ಕಣ್ಣಿಟ್ಟು ಅನ್ನುತ್ತಿದ್ದಾಳೆ, ಅಲ್ಲಿ ಆಗಲೇ ಇರುವ ನನ್ನ ತಾಳಿ ಬೆವರಿಗೆ ಕುತ್ತಿಗೆಗೆ ಅಂಟಿದೆ, ತಗೋ, ಅನ್ನುತ್ತಿದ್ದಾಳೆ, ತಗೋ, ಹಳದಿ ಅಂಗೈ, ಅದರ ನಡುವೆ ಸುತ್ತಿಕೊಂಡು ಬಿದ್ದ ಕರಿಮಣಿ, ಹಳದಿ ಅಂಗೈ, ಕರಿಮಣಿ —