ಎರಡನೇ ಪ್ರಶ್ನೆ

ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕಪ್ಪು ಹಲಗೆಯ ಮೇಲೆ ಚಾಕ್‌ಪೀಸ್ ಕಿರ್ರ್ ಎಂದಿತು. ಬಿಂದುಶ್ರೀ ಕೈ ತಡೆದಳು. ಹಾಲ್‌ನಲ್ಲಿ ಮಲಗಿದ್ದ ಅತ್ತೆ ಗೌರಮ್ಮನಿಗೆ ಎಚ್ಚರವಾಗಲಿಲ್ಲ. ಎದ್ದು ಬಂದವಳು ಎಂಟನೇ ಕ್ಲಾಸಿನ ಮಗಳು ಪ್ರೇರಣಾ.

"ಇನ್ನೂ ಮಲಗಿಲ್ವಾ ಅಮ್ಮ?"

"ನಾಳೆ ನಮ್ಮ ಕಾಲೇಜಿನ ಚಿದಾನಂದ್ ಸರ್ ಹಿಂದಿನ ಬೆಂಚಲ್ಲಿ ಕೂತು ನನ್ನ ಪಾಠ ನೋಡ್ತಾರೆ ಪುಟ್ಟಿ. ಮಾರ್ಕ್ಸ್ ಹಾಕೋದು ಅವರೇ."

ಮದುವೆಗೆ ಮೊದಲು ಬಿ.ಎಸ್ಸಿ. ಮುಗಿಸಿದ್ದ ಬಿಂದುಶ್ರೀ ಇಷ್ಟು ವರ್ಷಗಳ ನಂತರ ಬಿ.ಎಡ್.ಗೆ ಸೇರಿದ್ದಳು. ಕಾಲೇಜಿನ ಯೂನಿಫಾರಂ ಸೀರೆ ಉಟ್ಟು ಹೊರಟಾಗಲೆಲ್ಲ ಗೌರಮ್ಮ, "ಮಗಳಿಗೊಂದು ಯೂನಿಫಾರಂ, ಅಮ್ಮಂಗೊಂದು ಯೂನಿಫಾರಂ. ನಂಗೂ ಒಂದು ಹೊಲಿಸ್ಬಿಡಿ," ಎನ್ನುತ್ತಿದ್ದರು. ಪಾಠದ ಅಭ್ಯಾಸಕ್ಕೆ ಶಾಲೆಗಳನ್ನು ಹಂಚಿದಾಗ ಅವಳಿಗೆ ಸಿಕ್ಕಿದ್ದು, ಪ್ರೇರಣಾ ಈ ವರ್ಷವಷ್ಟೇ ಸೇರಿದ್ದ ಜಯನಗರದ ಶಾಲೆಯ ಎಂಟನೇ ಕ್ಲಾಸು. ಮಗಳು ಒಂದೇ ಮಾತು ಕೇಳಿಕೊಂಡಿದ್ದಳು: "ನೀನು ನಮ್ಮಮ್ಮ ಅಂತ ಕ್ಲಾಸಲ್ಲಿ ಯಾರಿಗೂ ಗೊತ್ತಾಗ್ಬಾರ್ದು."

ಸರ್ ನೋಡಲು ಬರುವ ದಿನಕ್ಕೆಂದು ಕೆಲವು ಮಕ್ಕಳಿಗೆ ಉತ್ತರ ಮೊದಲೇ ಹೇಳಿಕೊಡುವುದು ಅವಳ ಜೊತೆಯವರಲ್ಲಿ ರೂಢಿ. ಯಾರೂ ಬಾಯಿಬಿಡುತ್ತಿರಲಿಲ್ಲ. ಬೇರೆ ಮಕ್ಕಳನ್ನು ಕೇಳುವ ಧೈರ್ಯ ಬಿಂದುಶ್ರೀಗೆ ಬರಲಿಲ್ಲ.

"ಎರಡನೇ ಪ್ರಶ್ನೆ ನಿನ್ನನ್ನ ಕೇಳ್ತೀನಿ. ಹಾಲನ್ನ ಮೊಸರು ಮಾಡೋ ಬ್ಯಾಕ್ಟೀರಿಯಾ ಯಾವುದು ಅಂತ. ಏನು ಹೇಳ್ತೀಯ?"

"ಲ್ಯಾಕ್ಟೋಬ್ಯಾಸಿಲಸ್."

"ಅಷ್ಟೇ. ಬೇರೆ ಏನೂ ಹೇಳೋಕೆ ಹೋಗ್ಬೇಡ."

"ಆಯ್ತು ಮಿಸ್," ಎಂದು ಪ್ರೇರಣಾ ನಕ್ಕಳು.

ಮರುದಿನ ಮೊದಲ ಪ್ರಶ್ನೆ ಚೆನ್ನಾಗಿಯೇ ಹೋಯಿತು. ಅಷ್ಟರಲ್ಲಿ ಚಿದಾನಂದ್ ಸರ್ ಗಡಿಯಾರ ನೋಡಿ ಏನನ್ನೋ ಬರೆದುಕೊಂಡರು. ಸಮಯ ಮೀರುತ್ತಿದೆ ಎಂದುಕೊಂಡು ಬಿಂದುಶ್ರೀ ಅವಸರಪಟ್ಟಳು. ಮೊಸರಿನ ಭಾಗವೇ ಅವಳಿಗೆ ಮರೆತುಹೋಯಿತು.

"ಡೆಂಗಿ ಜ್ವರ ಹರಡೋದು ಯಾವುದರಿಂದ?" ಎಂದು ಮೂರನೇ ಪ್ರಶ್ನೆಯನ್ನೇ ಕೇಳಿ, ರಾತ್ರಿ ಮಾತಾಡಿಕೊಂಡಿದ್ದಂತೆ ಮಗಳತ್ತ ಕೈ ತೋರಿಸಿದಳು.

ಪ್ರೇರಣಾ ಎದ್ದು ನಿಂತು ಅಮ್ಮನ ಮುಖವನ್ನೇ ನೋಡಿದಳು.

"ಲ್ಯಾಕ್ಟೋಬ್ಯಾಸಿಲಸ್, ಮಿಸ್."

"ಮೊಸರು ತಿಂದ್ರೆ ಡೆಂಗಿ ಬರುತ್ತಂತೆ ಮಗಾ!" ಎಂದ ಒಬ್ಬ ಹುಡುಗ. ಇಡೀ ಕ್ಲಾಸು ನಕ್ಕಿತು.

ಆಗಷ್ಟೇ ಬಿಂದುಶ್ರೀಗೆ ಹೊಳೆಯಿತು. ನಾನೇ ಒಂದು ಪ್ರಶ್ನೆ ಬಿಟ್ಟೆ ಎಂದರೆ ಸಾಕಿತ್ತು. ಆದರೆ ಹಾಗೆ ಹೇಳಿದರೆ ಉತ್ತರ ಹೇಳಿಕೊಟ್ಟಿದ್ದೂ ಬಯಲಾಗುತ್ತಿತ್ತು. ಸರ್ ಪೆನ್ನು ಹಿಡಿದು ಅವಳನ್ನೇ ನೋಡುತ್ತಿದ್ದರು.

"ಪ್ರಶ್ನೆ ಸರಿಯಾಗಿ ಕೇಳಿಸ್ಕೋಬೇಕಮ್ಮ. ಗಮನ ಇಲ್ದಿದ್ರೆ ಹೀಗೇ ಆಗೋದು. ನಿಂತ್ಕೊಂಡೇ ಪಾಠ ಕೇಳು."

ಬೆಲ್ ಹೊಡೆಯುವವರೆಗೂ ಪ್ರೇರಣಾ ನಿಂತೇ ಇದ್ದಳು. ಬಿಂದುಶ್ರೀ ಆ ಸಾಲಿನ ಕಡೆ ಮತ್ತೆ ತಿರುಗಲಿಲ್ಲ.

"ಚೆನ್ನಾಗಿತ್ತು ಮೇಡಂ," ಎಂದರು ಚಿದಾನಂದ್ ಸರ್. "ಗಲಾಟೆ ಶುರುವಾದ್ರೂ ಕ್ಲಾಸು ಕೈತಪ್ಪಲಿಲ್ಲ. ಆ ಹುಡುಗಿನ ನಿಲ್ಸಿದ್ದೂ ಒಳ್ಳೇದಾಯ್ತು."

"ಥ್ಯಾಂಕ್ಯೂ ಸರ್."

ತಿಲಕ್ ನಗರದ ಮನೆಗೆ ಇಬ್ಬರೂ ನಡೆದೇ ಹೊರಟರು.

"ಸೊಳ್ಳೆ ಅಂತ ನಂಗೆ ಗೊತ್ತಿತ್ತು," ಎಂದಳು ಪ್ರೇರಣಾ. "ಬೇರೆ ಏನೂ ಹೇಳ್ಬೇಡ ಅಂದಿದ್ಯಲ್ಲ. ಈಗ ಎಲ್ರೂ ನನ್ನ ಮೊಸರು ಅಂತ ಕರೀತಿದ್ದಾರೆ."

"ನಾಳೆ ನಾನೇ ಕ್ಲಾಸಲ್ಲಿ ನಿಜ ಹೇಳ್ಲಾ?" ಬೇಡ ಎನ್ನಲಿ ಎಂದುಕೊಂಡೇ ಬಿಂದುಶ್ರೀ ಕೇಳಿದಳು. ಮಗಳು ಬೇಡ ಎನ್ನಲಿಲ್ಲ.

ಬಾಗಿಲಲ್ಲೇ ಗೌರಮ್ಮ ಕಾಯುತ್ತಿದ್ದರು. "ಏನಂದ್ರೇ ನಿಮ್ಮ ಮೇಷ್ಟ್ರು?"

"ಚೆನ್ನಾಗಿತ್ತು ಅಂದ್ರು ಅತ್ತೆ."

"ಮತ್ತೆ! ನಮ್ಮನೆ ಸೊಸೆ ಅಂದ್ರೆ ಸುಮ್ನೇನಾ?" ಓದಿನ ವಿಷಯಕ್ಕೆ ಅತ್ತೆಯ ಮುಖ ಅರಳಿದ್ದು ಅದೇ ಮೊದಲು. "ಬಾರೇ ಪ್ರೇರಣಾ, ನಿಮ್ಮಮ್ಮ ಹೆಂಗೆ ಪಾಠ ಮಾಡಿದ್ಲು ಹೇಳು."

"ಅಮ್ಮನ್ನೇ ಕೇಳಜ್ಜಿ," ಎಂದು ಪ್ರೇರಣಾ ರೂಮಿಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ.

ಒಳಗೆ ಕೇಳಿಸುತ್ತದೆ ಎಂದು ಬಿಂದುಶ್ರೀಗೆ ಗೊತ್ತಿತ್ತು. ಆದರೂ ಅತ್ತೆಗೆ ಮೊದಲ ಪ್ರಶ್ನೆಯನ್ನೂ ಸರ್ ಮೆಚ್ಚಿದ್ದನ್ನೂ ಮಾತ್ರ ಹೇಳಿದಳು. ರಾತ್ರಿ ಗಂಡ ಕೇಳಿದರೆ ಇಷ್ಟನ್ನೇ ಹೇಳುವುದು, ಉಳಿದದ್ದನ್ನು ಸರ್‌ಗಾಗಲಿ ಕ್ಲಾಸಿಗಾಗಲಿ ಯಾರಿಗೂ ಹೇಳುವುದಿಲ್ಲ ಎಂದು ಮಾತಿನ ನಡುವೆಯೇ ತೀರ್ಮಾನಿಸಿಬಿಟ್ಟಿದ್ದಳು.