ಪಂಪ್‌ಹೌಸಿನ ನೀಲಿ

ಇದು ನಿಜವಾಗಿ ನಡೆದದ್ದು. ನಂಬದವರು ಕಡಹಿನಬೈಲಿಗೆ ಹೋಗಿ ಗೋಡೆ ನೋಡಿಕೊಂಡು ಬರಬಹುದು. ಬಸ್ಸಿನ ಖರ್ಚು ನಿಮ್ಮದೇ.

ಗೆಳೆಯ ರಾಜಶೇಖರ ಪ್ರಾಯೋಗಿಕ ಕಿರುಚಿತ್ರ ತೆಗೆಯಲು ಹೊರಟಿದ್ದ. ಪ್ರಾಯೋಗಿಕ ಎಂದರೆ ಕತೆ ಇಲ್ಲ, ಮಾತಿಲ್ಲ, ನಟರಿಗೆ ಊಟ ಹಾಕಿಸುವ ತಾಪತ್ರಯವೂ ಇಲ್ಲ. ಸ್ಫೂರ್ತಿ, ಕೊಪ್ಪದ ಕಲಾವಿದ ಜಯದೇವಪ್ಪನವರ ನೀಲಿ ಚಿತ್ರಗಳು. ಅವರೋ ಷರತ್ತು ಹಾಕಿದ್ದರು: ಸಿನಿಮಾ ನೋಡಿ ತಾವು ಒಪ್ಪಿದರೆ ಮಾತ್ರ ಅದು ಹೊರಗೆ ಹೋಗಬೇಕು. ಇಲ್ಲವಾದರೆ ಇವನ ವರ್ಷದ ಶ್ರಮ ಪೆನ್‌ಡ್ರೈವಿನಲ್ಲೇ ಕೊಳೆಯಬೇಕು.

"ಅವರು ಹರೆಯದಲ್ಲಿ ಬಿಡಿಸಿದ ಒಂದು ಗೋಡೆ ಇದೆ ಮಾರಾಯ, ಯಾರೂ ನೋಡಿಲ್ಲ" ಎಂದು ಆಸೆ ಹುಟ್ಟಿಸಿದವನು ನಾನು. ಕರೆದೊಯ್ದದ್ದು ಕಡಹಿನಬೈಲಿನಲ್ಲಿರುವ, ನಮ್ಮ ಜೊತೆ ಓದಿದ ಸುಮನಾಳ ಮನೆಯ ಪಂಪ್‌ಹೌಸಿಗೆ. ಅಡಿಕೆ ಗೊನೆಗೆ ಹೊಡೆಯುವ ಮೈಲುತುತ್ತದ ಔಷಧಿಯನ್ನು ಅವರು ಕಲಸುವುದು ಅಲ್ಲೇ. ಸಿಡಿದು ಸಿಡಿದು ಗೋಡೆಯಿಡೀ ನೀಲಿ. ಗುಟ್ಟು ಬಯಲಾಗದಂತೆ ಕಲಸುವ ಡ್ರಮ್ಮನ್ನು ನಾನೂ ಸುಮನಾಳೂ ಮೊದಲೇ ಸಾಗಿಸಿದ್ದೆವು.

ಪೇಟೆಯ ಬಟ್ಟೆ ಅಂಗಡಿಯಲ್ಲಿ ಬೆಳೆದ ರಾಜಶೇಖರ ಚಪ್ಪಲಿ ಬಿಟ್ಟು ಗೋಡೆಯ ಮುಂದೆ ನಿಂತ. ಮಿಮಿಕ್ರಿಯ ಚಟದ ನಾನು ಜಯದೇವಪ್ಪನವರ ಗಂಟಲು ತಂದುಕೊಂಡು ಎರಡು ಸಲ ಕೆಮ್ಮಿ, "ಆ ನೀಲಿ... ಒಳಗಿಂದ ಬಂದದ್ದು" ಎಂದೆ. ಸುಮನಾ ವೇಲನ್ನು ಬಾಯಿಗೆ ತುರುಕಿಕೊಂಡು ಪಂಪಿನ ಹಿಂದೆ ಹೋದಳು.

ಕೊಪ್ಪದಲ್ಲಿ, ಜಯದೇವಪ್ಪನವರ ಒಪ್ಪಿಗೆಗೆಂದು, ಅವರ ಪರಿಚಯದವರ ಎದುರು ಪ್ರದರ್ಶನ. ಪರದೆಯ ತುಂಬ ಗೋಡೆ, ಗೋಡೆ, ಮತ್ತೆ ಗೋಡೆ. ನಡುವೆ ಹಲ್ಲಿಯೊಂದು ದಾಟಿದಾಗ, ಅಂತೂ ಕತೆ ಶುರುವಾಯಿತೆಂದು ಮುಂದಿನ ಸಾಲಿನವರು ನೆಟ್ಟಗೆ ಕೂತರು. ರಾಜಶೇಖರ ಉಗುರು ಕಚ್ಚುತ್ತಿದ್ದ. ಜಯದೇವಪ್ಪ "ಇದು ನನ್ನದಲ್ಲ" ಅನ್ನಬೇಕು, ಇವನು ಬಾಯಿ ಬಿಡಬೇಕು, ನಾವು ನಗಬೇಕು. ನಮ್ಮ ಲೆಕ್ಕ ಅದು.

ಜಯದೇವಪ್ಪ ಮೈಕ್ ಹಿಡಿದು ಎರಡು ಸಲ ಕೆಮ್ಮಿದರು.

"ಈ ಗೋಡೆ... ನಾನು ತುಂಬಾ ನೊಂದಿದ್ದಾಗ ಬಿಡಿಸಿದ್ದು. ಒಳಗಿಂದ ಬಂದದ್ದು. ಸಿನಿಮಾಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ."

ಚಪ್ಪಾಳೆ ಬಿತ್ತು. ಮಿಮಿಕ್ರಿ ಬಿಡುವ ಯೋಚನೆ ನನಗೆ ಮೊದಲ ಸಲ ಬಂದದ್ದು ಆಗಲೇ.

ಸುಮನಾಳಿಗೆ ತಡೆಯಲಾಗಲಿಲ್ಲ. "ಸಾರ್, ಅದು ನಮ್ಮನೆ ಪಂಪ್‌ಹೌಸು. ಹೋದ ವರ್ಷ ಕಟ್ಸಿದ್ದು. ಆ ನೀಲಿ ಮೈಲುತುತ್ತದ್ದು."

ಜಯದೇವಪ್ಪ ಮೈಕನ್ನು ಯಾರೋ ಬಲವಂತವಾಗಿ ಕೈಗೆ ಕೊಟ್ಟುಹೋದದ್ದೆಂಬಂತೆ ನೋಡಿದರು. ನಾನು ರಾಜಶೇಖರನತ್ತ ತಿರುಗಲು ಹೆದರಿದೆ.

ಅಷ್ಟರಲ್ಲಿ ಅವನ ನಗು ಕೇಳಿಸಿತು. ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಅರ್ಧ ಜಾರಿದ್ದ.

"ಇನ್ನೆಂತ ಮಾಡೋದು ಸಾರ್? ಇಷ್ಟು ಜನರ ಎದುರು ಒಪ್ಪಿ ಆಯ್ತಲ್ಲ" ಎಂದವನು ಕಣ್ಣೊರೆಸಿಕೊಂಡು ಮತ್ತೆ ನಗಲು ಶುರುಮಾಡಿದ. ನಮ್ಮಿಬ್ಬರ ನಗು ಅವನದರ ಕೆಳಗೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.